ಹಿತ್ತಲ ಬಾಗಿಲಿನವಳು ಹುಟ್ಟಿದ ಬಗೆ

“ಇದನ್ನ ನಾನು ಬರೆಯೋದಿಲ್ಲ ಮೇಷ್ಟ್ರೇ,” ಎಂದು ಪೆನ್ನು ಕೆಳಗಿಟ್ಟೆ.

ಜಗಲಿಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡು ಕಥೆ ಹೇಳುತ್ತಿದ್ದ ಮರುಳಸಿದ್ದಯ್ಯ ಮೇಷ್ಟ್ರು ಕಣ್ಣು ತೆರೆದರು. ಎರಡು ವರ್ಷದಲ್ಲಿ ನಾನು ಅವರನ್ನು ಎಷ್ಟೋ ಸಲ ತಡೆದದ್ದುಂಟು. ವಾಕ್ಯ ಉದ್ದವಾಯಿತು ಎಂದು, ದೆವ್ವ ಒಂದೇ ಪುಟದಲ್ಲಿ ಎರಡು ಸಲ ನಿಟ್ಟುಸಿರು ಬಿಟ್ಟಿತು ಎಂದು. ಬರೆಯೋದಿಲ್ಲ ಎಂದದ್ದು ಅದೇ ಮೊದಲು.

“ಯಾಕೆ, ಮಾತು ಕೆಟ್ಟಿತೇ?”

“ಮಾತು ಸರಿಯಾಗೇ ಇದೆ.”

“ಮತ್ತೆ?”

ನಾನು ಹಾಳೆಯನ್ನು ನೋಡಿದೆ. ಕೊನೆಯ ಸಾಲಿನ ಮಸಿ ಇನ್ನೂ ಒಣಗಿರಲಿಲ್ಲ. ‘ಹೊಸ ಸೀರೆಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಅವಳು ಹಿತ್ತಲ ಬಾಗಿಲಿಗೆ ಬಂದಳು. ಹಣೆಯಲ್ಲಿ ಕುಂಕುಮ. ಮನೆಯಲ್ಲಿ ಒಂದು ದೀಪವೂ ಇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತವರೆಲ್ಲ ಉಸಿರು ಹಿಡಿದರು.’

“ಇನ್ನೊಬ್ಬರ ಹಣೆಬರಹ ತಗೊಂಡು ದೆವ್ವ ಮಾಡ್ತೀರಲ್ಲ, ಮಾಡಿ. ಅದನ್ನ ಬರೆಯೋಕೆ ನನ್ನ ಕೈಯೇ ಬೇಕಾಗಿತ್ತಾ?” ಎಂದು ಹೇಳಿ ಎದ್ದು ಒಳಗೆ ಹೋದೆ. ದನಿ ಏರಿರಲಿಲ್ಲ. ಏರಿಸುವಷ್ಟು ಶಕ್ತಿ ಆ ದಿನಗಳಲ್ಲಿ ನನ್ನಲ್ಲಿ ಇರಲಿಲ್ಲ.

ಅವರು ಬಹಳ ಹೊತ್ತು ಜಗಲಿಯಲ್ಲೇ ನಿಂತಿದ್ದರು. ಆಮೇಲೆ ಚಪ್ಪಲಿಯ ಸದ್ದು ಬೀದಿಯ ಕೊನೆಯವರೆಗೂ ನಿಧಾನವಾಗಿ ಹೋಯಿತು. ಒಳಗೆ ಬೆಂಚಿನ ಮೇಲೆ ಮಲಗಿದ್ದ ಅಪ್ಪ, “ಯಾಕ್ ಮಗಾ, ಮೇಷ್ಟ್ರು ಇಷ್ಟು ಬೇಗ ಎದ್ದೋದ್ರು?” ಎಂದರು.

“ತಲೆನೋವಂತೆ ಅಪ್ಪಾ.”

“ಯಾರಿಗೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗ್ಗುಲಾದರು.

ಅದು ಅರವತ್ತೊಂದನೆಯ ಇಸವಿಯ ಬೇಸಿಗೆ. ಮಧುಗಿರಿಯ ಬೆಟ್ಟ ಹಗಲೆಲ್ಲ ಕಾದು, ಸಂಜೆ ನಮ್ಮ ಬೀದಿಯ ಮೇಲೆ ಆ ಬಿಸಿಯನ್ನೆಲ್ಲ ಉಸಿರಿನಂತೆ ಬಿಡುತ್ತಿತ್ತು. ನನಗೆ ಮೂವತ್ತೊಂದು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಅಪ್ಪನ ಮನೆಗೆ ಬಂದವಳು. ಅಪ್ಪ ಪರ್ವತಯ್ಯನವರು ಸುತ್ತಿನ ಊರುಗಳಿಗೆಲ್ಲ ಅಯ್ಯನವರು. ಮದುವೆ ಮಾಡಿಸುವವರು, ಸಾವಿನ ಮನೆಯಲ್ಲಿ ವಿಭೂತಿ ಇಡುವವರು. ಮಠದಲ್ಲಿ ಕಾವ್ಯ ಓದಲು ಕೂತರೆ ಎತ್ತಿನ ಗಾಡಿಗಳು ದಾರಿಯಲ್ಲೇ ನಿಲ್ಲುತ್ತಿದ್ದವಂತೆ. ಕಣ್ಣಿಗೆ ಪೊರೆ ಬಂದ ಮೇಲೆ ಪುಸ್ತಕ ಮುಚ್ಚಿಟ್ಟರು. ಬಾಯಲ್ಲಿ ನಿಂತದ್ದನ್ನು ಬೆಳಗಿನ ಪೂಜೆ ಮುಗಿದ ಮೇಲೆ ನನ್ನೊಬ್ಬಳಿಗೇ ಹೇಳುತ್ತಿದ್ದರು. ನಾನು ಅಕ್ಷರ ಕಲಿತದ್ದು ಆ ಷಟ್ಪದಿಗಳನ್ನು ಕೇಳಿ ಕೇಳಿ ಬರೆದು. ಹಾಗಾಗಿ ನನ್ನ ಬರಹ ಗುಂಡಗೆ, ನಿಧಾನ.

ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಬೆಂಗಳೂರಿನ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯಲು ಒಪ್ಪಿಕೊಂಡಿದ್ದರು. ಅವರ ಅಕ್ಷರವೋ, ಇರುವೆ ಮಸಿಯಲ್ಲಿ ಬಿದ್ದೆದ್ದು ಓಡಿದ ಹಾಗೆ. ಅಚ್ಚಿನ ಮೊಳೆ ಜೋಡಿಸುವವರು ಓದಲಾಗದೆ ಹಸ್ತಪ್ರತಿಯನ್ನು ವಾಪಸು ಕಳಿಸಿದಾಗ ಅಪ್ಪನ ಬಳಿಗೆ ಬಂದು, “ಒಳ್ಳೇ ಕೈ ಇರೋರು ಯಾರಾದ್ರೂ ಇದ್ದಾರಾ ಅಯ್ನೋರೇ?” ಎಂದು ಕೇಳಿದರು. ಅಪ್ಪ ನನ್ನ ಕಡೆ ತಿರುಗಿದರು. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವರು ಹೇಳುವುದು, ನಾನು ಬರೆಯುವುದು. ಮಂಗಳವಾರದ ಟಪಾಲಿಗೆ ದೆವ್ವ ಬೆಂಗಳೂರಿಗೆ ಹೊರಡುತ್ತಿತ್ತು.

ಧಾರಾವಾಹಿಯ ಹೆಸರು ‘ಹಿತ್ತಲ ಬಾಗಿಲಿನವಳು’. ಕುಂಕುಮವಿಟ್ಟು, ಹೊಸ ಸೀರೆಯುಟ್ಟು, ಮುಖ ಮುಚ್ಚಿಕೊಂಡು ಹಿತ್ತಲಿಂದ ಬರುವ ಹೆಣ್ಣು. ಅವಳ ಮುಖ ನೋಡಿದವರು ಬದುಕುವುದಿಲ್ಲ. ಅವಳು ಯಾರು ಎಂಬುದನ್ನು ಮಾತ್ರ ಮೇಷ್ಟ್ರು ಹೇಳಿರಲಿಲ್ಲ. ಪತ್ರಿಕೆ ಬಂದ ದಿನ ನಮ್ಮ ಪಕ್ಕದ ಅಂಗಡಿಯ ದರ್ಜಿ ಬುಡನ್ ಸಾಬರು ಯಾರಿಂದಲಾದರೂ ಓದಿಸಿ ಕೇಳುತ್ತಿದ್ದರು. ಅವರು ಸಿರಾದವರು, ಮಾತಿನಲ್ಲಿ ಧಾರಾಳ.

“ಅಮ್ಮಾ, ನನ್ ಬೀವಿ ಹಿತ್ಲಕಡೆ ಹೋಗಾಕೇ ಒಲ್ಲೆ ಅಂತಾಳೆ. ಬಾವಿ ನೀರು ನಾನೇ ಸೇದ್ಬೇಕು. ಆ ದೆವ್ವಕ್ಕೆ ಸ್ವಲ್ಪ ರಜಾ ಕೊಡಾಕೆ ಹೇಳಿ ಮೇಷ್ಟ್ರಿಗೆ.”

“ನೀರು ಸೇದಿದ್ರೆ ನಿಮ್ಮ ಬೊಜ್ಜಾದ್ರೂ ಕರಗ್ತದೆ ಬುಡಿ ಸಾಬ್ರೇ.”

“ಅದೂ ಸೈ,” ಎಂದು ನಗುತ್ತಿದ್ದರು.

ಒಂದು ತಿಂಗಳ ಹಿಂದೆ ಸಂಪಾದಕರಿಂದ ಕಾಗದ ಬಂದಿತ್ತು. ಈ ದೆವ್ವ ತಮಗೆ ಎಲ್ಲಿ ಸಿಕ್ಕಿತು, ಈ ಕಥೆ ಹೊಳೆದದ್ದು ಹೇಗೆ, ಓದುಗರು ಕೇಳಿ ಕೇಳಿ ಸಾಕು ಮಾಡಿದ್ದಾರೆ, ದಯವಿಟ್ಟು ಎರಡು ಪುಟ ಬರೆದು ಕಳಿಸಿ ಎಂದು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು: ಬುಕ್ಕಾಪಟ್ಟಣದ ದಾರಿಯಲ್ಲಿ ಒಂದು ಹುಣಸೆಮರ, ಅದರ ಕೆಳಗೆ ಒಂದು ಸಂಜೆ…

“ಸುಳ್ಳು,” ಅಂದೆ, ಬರೆಯುತ್ತಲೇ.

“ಹೆಂಗೆ ಗೊತ್ತಾಯ್ತು?”

“‘ಭಯಂಕರವಾದ’ ಅಂತ ಮೂರು ಸಲ ಬಂತು. ನಿಜವಾಗ್ಲೂ ಹೆದರ್ಕೊಂಡೋರು ಅಷ್ಟೊಂದು ಶೃಂಗಾರ ಮಾಡೋಲ್ಲ.”

ಅವರು ನಕ್ಕರು. ನಗುವಾಗ ಅವರು ಮೊದಲು ಅಪ್ಪನ ಕಿಟಕಿಯ ಕಡೆ ನೋಡುತ್ತಿದ್ದರು, ಆಮೇಲೆ ನನ್ನ ಕಡೆ. ಆ ಎರಡನೆಯ ನೋಟ ಮೊದಲನೆಯದಕ್ಕಿಂತ ಒಂದು ಮಾತ್ರೆಯಷ್ಟು ಉದ್ದ. ಅಷ್ಟೇ. ಆ ಒಂದು ಮಾತ್ರೆಗಾಗಿ ನಾನು ಸೋಮವಾರದಿಂದ ಶನಿವಾರದವರೆಗೆ ಬದುಕುತ್ತಿದ್ದೆ ಎಂದು ಈಗ ಹೇಳಲು ನಾಚಿಕೆಯಿಲ್ಲ. ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಮರುವಾರ ಹುಣಸೆಮರ ಹೋಗಿ ಹಾಳು ಬಂಗಲೆ ಬಂತು. ಅದರ ಮುಂದಿನ ವಾರ ಒಂದು ಕನಸು. “ಇದೂ ಸುಳ್ಳೇ,” ಅಂದೆ. “ನಿಮ್ಮ ಮುಂದೆ ಸುಳ್ಳು ಹೇಳೋದು ಕಷ್ಟ ಜಗದಾಂಬಮ್ಮ,” ಎಂದರು. “ನಿಜ ಹೇಳೋದು ಅದಕ್ಕಿಂತ ಕಷ್ಟ.” ಸಂಪಾದಕರ ಕಾಗದ ಹಾಗೇ ಉಳಿಯಿತು.

ಈ ನಡುವೆ, ನಾನು ಪೆನ್ನು ಕೆಳಗಿಟ್ಟ ಭಾನುವಾರಕ್ಕೆ ಮೂರು ದಿನ ಮುಂಚೆ, ಕೊರಟಗೆರೆಯಿಂದ ನಾಗಲಿಂಗಯ್ಯನವರ ಕಡೆಯವರು ಬಂದರು. ಐವತ್ತು ದಾಟಿದವರು, ಹೆಂಡತಿ ತೀರಿಕೊಂಡು ಎರಡು ವರ್ಷ. ಒಳ್ಳೆಯವರೇ. ನನ್ನನ್ನು ಸೀರುಡಿಕೆ ಮಾಡಿಕೊಳ್ಳಲು ಒಪ್ಪಿದ್ದರು.

ಸೀರುಡಿಕೆ ಎಂದರೆ ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಕರೆದುಕೊಂಡು ಹೋಗುವುದು. ಅದನ್ನು ಮದುವೆ ಎಂದು ಯಾರೂ ಕರೆಯುವುದಿಲ್ಲ. ಚಪ್ಪರವಿಲ್ಲ, ಓಲಗವಿಲ್ಲ, ದೀಪವೂ ಇಲ್ಲ. ಅಮಾವಾಸ್ಯೆಯ ಸುಮಾರಿಗೆ, ಕತ್ತಲಲ್ಲಿ. ಮುತ್ತೈದೆಯರು ಅವಳ ಮುಖ ನೋಡಬಾರದು. ಮನೆಯವರೆಲ್ಲ ಗೋಡೆಯ ಕಡೆ ತಿರುಗಿ ಕೂರಬೇಕು. ಅವಳು ಸೆರಗು ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಹೊರಡಬೇಕು. ಮೊದಲ ಗಂಡನ ಮಕ್ಕಳಿದ್ದರೆ ಅವು ಆ ಮನೆಯಲ್ಲೇ ಉಳಿಯಬೇಕು. ಅಯ್ಯನವರ ಮನೆತನಗಳಲ್ಲಿ ಇದೂ ಅಪರೂಪ. ಅಪ್ಪ ಒಪ್ಪಿದ್ದೇ ನನ್ನ ಮೇಲಿನ ಮರುಕದಿಂದ.

“ನಾನು ಕಣ್ಮುಚ್ಚಿದ್ರೆ ನಿನಗೆ ಯಾರ್ ಮಗಾ?” ಎಂದಿದ್ದರು. ನಾನು ಹೂಂ ಎಂದಿದ್ದೆ. ಹನ್ನೆರಡು ವರ್ಷ ಒಂದೇ ಒಲೆ, ಒಂದೇ ಬಾವಿ, ಒಂದೇ ಕಿಟಕಿ. ಒಪ್ಪುವುದಕ್ಕೂ ಬೇಡವೆನ್ನುವುದಕ್ಕೂ ನಡುವೆ ಹೆಚ್ಚು ದೂರ ಉಳಿದಿರಲಿಲ್ಲ.

ಇದು ಮೇಷ್ಟ್ರಿಗೆ ಗೊತ್ತಾಗಿದೆ, ಗೊತ್ತಾಗಿಯೇ ನನ್ನನ್ನು ದೆವ್ವದ ಬಾಯಿಗೆ ಹಾಕಿ, ನನ್ನ ಕೈಯಿಂದಲೇ ಬರೆಸುತ್ತಿದ್ದಾರೆ ಎಂದು ಆ ಭಾನುವಾರ ತಿಳಿದೆ. ಅಲ್ಲಿಯವರೆಗಿನ ಕಂತುಗಳಲ್ಲಿ ಸೆರಗು ಇತ್ತು, ಹಿತ್ತಲಿತ್ತು. ಗೋಡೆಗೆ ಮುಖ ಮಾಡಿ ಕೂತವರು ಬಂದದ್ದು ಅವತ್ತೇ.

ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತುಮಾಡಿಸಿದವರು ಬುಡನ್ ಸಾಬರು. ನಾನು ಪೆನ್ನು ಕೆಳಗಿಟ್ಟ ಮೇಲಿನ ಬುಧವಾರ, ಶಾಲೆಯಿಂದ ಬರುತ್ತಿದ್ದ ಮೇಷ್ಟ್ರನ್ನು ಕರೆದು ಕೂರಿಸಿ, “ನೋಡಿ ಮೇಷ್ಟ್ರೇ, ಅಯ್ನೋರ ಮನೆಯಿಂದ ಹನ್ನೆರಡು ವರ್ಷ ಆದ್ಮೇಲೆ ಹಸಿರು ಕುಪ್ಪಸದ ಬಟ್ಟೆ ಬಂದದೆ. ಖುಷಿ ಅನ್ನಾಣಾ ಅಂದ್ರೆ ಆ ಹೆಣ್ಮಗಳು ಅಳತೆ ಕೊಡುವಾಗ ಹೆಣದಂಗೆ ನಿಂತಿತ್ತು. ಅಮಾಸೆಗೆ ಕೊರಟಗೆರೆಗೆ ಕಳಿಸ್ತಾರಂತೆ, ಹಿತ್ಲ ಬಾಗ್ಲಿಂದ,” ಎಂದರಂತೆ.

ಮೇಷ್ಟ್ರು ಎದ್ದು ಹೋದ ರೀತಿ ನೋಡಿ ಸಾಬರಿಗೇ ಗಾಬರಿಯಾಯಿತಂತೆ. “ನೀರು ಕೇಳಿದ್ರು, ತಂದ್ಕೊಡೋದ್ರಾಗೆ ಹೊರಟೇಹೋದ್ರು. ನಾನೇನ್ ತಪ್ಪು ಮಾತಾಡ್ದೆ ಅಮ್ಮಾ?” ಎಂದು ನನ್ನನ್ನೇ ಕೇಳಿದರು.

ಮುಂದಿನ ಭಾನುವಾರ ಮಧ್ಯಾಹ್ನ ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಕ್ಷೌರ ಮಾಡಿಕೊಂಡಿರಲಿಲ್ಲ, ಅಂಗಿಯ ಮೇಲೆ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ಕಂಬಕ್ಕೆ ಒರಗಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು, ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನು ನೋಡದೆ ಹೇಳಿದರು.

“ಸಂಪಾದಕರು ಕೇಳಿದ್ದು ಇವತ್ತು ಹೇಳ್ತೀನಿ. ಬರೆಯೋದು ಬೇಡ. ಕೇಳಿದ್ರೆ ಸಾಕು.”

ನಾನು ಹೊಸ್ತಿಲ ಒಳಗೆ ಕೂತೆ.

“ನಮ್ಮೂರು ನಿಡುಗಲ್ಲು. ನನಗೆ ಆರು ವರ್ಷ. ಅಪ್ಪ ಸತ್ತಾಗ ಮೂರು, ಮುಖ ನೆನಪಿಲ್ಲ. ಅವ್ವನ ಮುಖ ನೆನಪಿದೆ. ಬರೀ ಹಣೆ, ಬರೀ ಕೈ, ಮಾಸಲು ಸೀರೆ. ಅವ್ವ ಅಂದ್ರೆ ಹಂಗೇ ಇರೋದು ಅಂತ ನಾನು ತಿಳ್ಕೊಂಡಿದ್ದೆ. ಒಂದು ರಾತ್ರಿ ಎಲ್ರೂ ಗೋಡೆ ಕಡೆ ತಿರುಗಿ ಕೂತ್ರು. ನನ್ನೂ ಕೂರಿಸಿದ್ರು. ದೀಪ ಆರ್ಸಿದ್ರು. ಯಾರೋ ಹೇಳಿದ್ರು, ತಿರುಗಬೇಡ ಮಗಾ, ತಿರುಗಿದ್ರೆ ಒಳ್ಳೇದಲ್ಲ ಅಂತ.”

ಒಂದು ವಿಶೇಷಣವೂ ಇರಲಿಲ್ಲ. ವಾಕ್ಯಗಳು ಬರಿಗಾಲಲ್ಲಿ ನಡೆದು ಬರುತ್ತಿದ್ದವು.

“ನಾನು ತಿರುಗಿದೆ. ಹಿತ್ತಲ ಬಾಗಿಲಲ್ಲಿ ಒಬ್ಬಳು ನಿಂತಿದ್ಲು. ಹೊರಗೆ ನಿಂತಿದ್ದ ಗಾಡಿಯ ಲಾಂದ್ರದ ಬೆಳಕು ಅಷ್ಟಿಷ್ಟು ಮುಖದ ಮೇಲೆ ಬಿದ್ದಿತ್ತು. ಹೊಸ ಸೀರೆ, ತಲೇಲಿ ಹೂವು, ಹಣೇಲಿ ಇಷ್ಟಗಲ ಕುಂಕುಮ. ಸೆರಗು ಸರಿಸಿ ನನ್ನನ್ನೇ ನೋಡ್ತಿದ್ಲು. ಆ ಥರ ಹೆಂಗಸು ನಮ್ಮನೇಲಿ ಯಾರೂ ಇರಲಿಲ್ಲ. ನಾನು ‘ದೆವ್ವ’ ಅಂತ ಕಿರುಚಿದೆ. ಅವಳು ಸೆರಗು ಎಳ್ಕೊಂಡು ಹೊರಟುಹೋದ್ಲು.”

ಬೀದಿಯಲ್ಲಿ ಯಾರದೋ ಸೈಕಲ್ಲು ಹೋಯಿತು.

“ಬೆಳಿಗ್ಗೆ ಅವ್ವ ಎಲ್ಲಿ ಅಂತ ಅತ್ತೆ. ಹೋದ್ಲು ಅಂದ್ರು. ನಾನು ಕಿರುಚಿದ್ದು ಯಾರನ್ನ ನೋಡಿ ಅಂತ ಗೊತ್ತಾಗೋಕೆ ನನಗೆ ನಾಕು ವರ್ಷ ಬೇಕಾಯ್ತು. ಪಾವಗಡದ ಆಚೆ ಒಂದೂರಲ್ಲಿ ಇದಾಳೆ, ಬೇರೆ ಮಕ್ಕಳಿದಾವೆ. ಮೂವತ್ತು ವರ್ಷ ಆಯ್ತು, ನಾನು ಹೋಗಿಲ್ಲ. ಹೋಗಿ ಏನಂತ ಕೂಗ್ಲಿ? ಕಡೇ ಸಲ ಕೂಗಿದ್ದು ಅದು.”

ಮದುವೆಮನೆಗಳಲ್ಲಿ ಹೆಣ್ಣನ್ನು ಹಸೆಗೆ ಕರೆತರುವ ಹೊತ್ತಿಗೆ ಈ ಮೇಷ್ಟ್ರು ಎದ್ದು ಹೋಗುತ್ತಾರೆ, ಮೂವತ್ತಾರಾದರೂ ಮದುವೆಯಿಲ್ಲ, ಏನೋ ದೋಷವಿರಬೇಕು ಎಂದು ಊರು ಆಡಿಕೊಳ್ಳುತ್ತಿತ್ತು. ನಾನೂ ಕೇಳಿದ್ದೆ.

“ಕಥೆ ಬರೆದ್ರೆ ಹೋಗ್ತದೆ ಅಂದ್ಕೊಂಡೆ,” ಎಂದರು. “ಹೋಗ್ಲಿಲ್ಲ. ಪ್ರತಿ ವಾರ ಬಂತು. ನಿಮ್ಮ ವಿಷಯ ನನಗೆ ಗೊತ್ತಿರ್ಲಿಲ್ಲ ಜಗದಾಂಬಮ್ಮ. ದೇವರಾಣೆಗೂ ಗೊತ್ತಿರ್ಲಿಲ್ಲ.”

“ಗೊತ್ತಾಯ್ತು ಬುಡಿ,” ಅಂದೆ.

ಒಳಗೆ ಬೆಂಚು ಕಿರುಗುಟ್ಟಿತು. ಅಪ್ಪ ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ನಿಂತರು.

“ಯಾವ ವರ್ಷ ಅದು, ಮೇಷ್ಟ್ರೇ?”

“ಮೂವತ್ತೊಂದು ಇರ್ಬೇಕು ಅಯ್ನೋರೇ.”

“ನಿಡುಗಲ್ ಕಡೆ ಮೂರೋ ನಾಕೋ ಸೀರುಡಿಕೆ ನಾನೇ ಮಾಡ್ಸಿದೀನಿ. ಆಗ ಆ ಸೀಮೆಗೆಲ್ಲ ನಾನೇ ಹೋಗ್ತಿದ್ದೆ.” ಅಪ್ಪ ಬಾಗಿಲ ಚೌಕಟ್ಟನ್ನು ತಡವಿ ಹಿಡಿದುಕೊಂಡರು. “ಮಕ್ಕಳಿದ್ರೆ ಗೋಡೆ ಕಡೆ ತಿರುಗ್ಸಿ ಕೂರ್ಸೋದು ಮಾಡ್ಸೋ ಅಯ್ಯನ ಕೆಲಸ. ತಿರುಗಬೇಡ ಮಗಾ ಅನ್ನೋದು ನನ್ನ ಮಾತೇ. ಯಾವ ಮನೆ, ಯಾವ ಕೂಸು ಅಂತ ನೆನಪಿಲ್ಲ ಕಣಪ್ಪ. ನೆನಪಿದ್ರೆ ಹೇಳ್ತಿದ್ದೆ. ನೆನಪಿಲ್ಲ.”

ಮೇಷ್ಟ್ರು ಎದ್ದು ನಿಂತರು. ಅಪ್ಪನ ಕೈ ಹಿಡಿದು ಜಗಲಿಯಲ್ಲಿ ಕೂರಿಸಿದರು. ಇಬ್ಬರೂ ಬೀದಿಯ ಕಡೆ ಮುಖ ಮಾಡಿ ಕೂತರು, ದೂರದ ಪ್ರಯಾಣ ಮುಗಿಸಿ ಒಂದೇ ಬಸ್ಸಿಳಿದವರ ಹಾಗೆ.

ನಾನು ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟೆ. ಲೋಟ ತೆಗೆದುಕೊಳ್ಳುವಾಗ ಮೇಷ್ಟ್ರು ಅಪ್ಪನ ಕಡೆ ನೋಡಲಿಲ್ಲ. ನೇರವಾಗಿ ನನ್ನನ್ನೇ ನೋಡಿದರು.

“ನನಗೆ ಇನ್ನೊಂದು ಕೇಳೋದಿದೆ. ಎರಡು ವರ್ಷದಿಂದ ಇದೆ. ಅಯ್ನೋರ ಮುಂದೇನೇ ಕೇಳ್ತೀನಿ. ಕೊರಟಗೆರೆಗೆ ಹೋಗಲೇಬೇಕಾ?”

“ಹೋಗದೆ?” ಅಂದೆ.

“ನಮ್ಮನೆ ಇದೆ. ದೊಡ್ಡದಲ್ಲ. ತುಂಬ ಪುಸ್ತಕ. ತನ್ನ ಅಕ್ಷರ ತಾನೇ ಓದೋಕೆ ಬರದ ಒಬ್ಬ ಗಂಡಸು.”

ನನಗೆ ನಗು ಬಂತು, ಜೊತೆಗೆ ಅಳುವೂ. ಎರಡನ್ನೂ ತಡೆದುಕೊಂಡು ಕೇಳಬೇಕಾದ್ದನ್ನು ಕೇಳಿದೆ.

“ನಾನು ಕುಂಕುಮ ಇಟ್ಕೊಂಡು, ಹೂ ಮುಡ್ಕೊಂಡು ನಿಮ್ಮ ಮುಂದೆ ಬಂದ್ರೆ, ನೀವು ಎದ್ದು ಹೋಗ್ತೀರಾ? ನೀವು ನನ್ನ ನೋಡಿರೋದೂ ಬರೀ ಹಣೇಲೇ.”

ಅವರು ಲೋಟವನ್ನು ಕೆಳಗಿಟ್ಟರು.

“ಗೊತ್ತಿಲ್ಲ,” ಎಂದರು.

ಅದರಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ. ‘ಹೋಗೋಲ್ಲ’ ಎಂದಿದ್ದರೆ ನಾನು ಬಹುಶಃ ಕೊರಟಗೆರೆಗೇ ಹೋಗುತ್ತಿದ್ದೆ.

“ಹಂಗಾದ್ರೆ ನನ್ನದೂ ಒಂದು ಮಾತು,” ಅಂದೆ. “ಕತ್ತಲಲ್ಲಿ ಬರೋಲ್ಲ. ಹಿತ್ತಲ ಬಾಗಿಲಿಂದ ಬರೋಲ್ಲ. ನೀವಾಗ್ಲಿ, ಇನ್ಯಾರಾಗ್ಲಿ. ಹಗಲಲ್ಲಿ, ಮುಂಬಾಗಿಲಿಂದ. ಇಲ್ಲಾಂದ್ರೆ ಇಲ್ಲೇ ಇರ್ತೀನಿ, ಅಪ್ಪನಿಗೆ ಮುದ್ದೆ ಮಾಡ್ಕೊಂಡು.”

ಹೇಳಿದ್ದು ಮೇಷ್ಟ್ರಿಗಾದರೂ ತಲುಪಬೇಕಾದದ್ದು ಅಪ್ಪನಿಗೆ. ಹಗಲು ಮಾಡಿಸಿದರೆ ಸುತ್ತಿನ ಮಠದವರು ಅಪ್ಪನನ್ನು ಪಂಕ್ತಿಯಿಂದ ಎಬ್ಬಿಸಬಹುದು. ಎಪ್ಪತ್ತು ವರ್ಷದ ಬಾಳಿನಲ್ಲಿ ಅವರಿಗೆ ಉಳಿದಿದ್ದ ಗೌರವ ಅದೊಂದೇ.

ಅಪ್ಪ ಮಜ್ಜಿಗೆ ಮುಗಿಸಿ, “ನಾಳೆ ಪಾವಗಡದ ಬಸ್ಸು ಎಷ್ಟು ಹೊತ್ತಿಗೆ ಮೇಷ್ಟ್ರೇ?” ಎಂದು ಕೇಳಿದರು.

ಯಾರು ಹೇಳಿದರೂ ಕೇಳಲಿಲ್ಲ. ಬುಡನ್ ಸಾಬರನ್ನು ಜೊತೆ ಮಾಡಿಕೊಂಡು, ಕೋಲು ಹಿಡಿದು ಸೋಮವಾರ ಹೊರಟರು. ಮೇಷ್ಟ್ರು ಊರಿನ ಹೆಸರನ್ನೂ, ತಾಯಿಯ ಹೆಸರು ಸರಸಮ್ಮ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನು ಯಾರೂ ಓದಲಾಗದೆ ನಾನು ಇನ್ನೊಂದು ಸಲ ಬರೆದುಕೊಟ್ಟೆ.

ಮಂಗಳವಾರ ಸಂಜೆ ವಾಪಸಾದರು. ಧೂಳಲ್ಲಿ ಅದ್ದಿ ತೆಗೆದ ಹಾಗಿದ್ದರು. ಮೇಷ್ಟ್ರು ಶಾಲೆ ಬಿಟ್ಟವರು ಮನೆಗೂ ಹೋಗದೆ ನಮ್ಮ ಜಗಲಿಯಲ್ಲೇ ಕೂತಿದ್ದರು.

“ಸಿಕ್ಕಿದ್ಲು,” ಎಂದರು ಅಪ್ಪ. “ನನ್ನ ದನಿ ಕೇಳ್ತಿದ್ದಂಗೇ ಗುರುತು ಹಿಡಿದ್ಲು. ನಾನೇ ಮಾಡ್ಸಿದ್ದು, ಮೇಷ್ಟ್ರೇ.”

ಮೇಷ್ಟ್ರು ತಲೆಯಾಡಿಸಿದರು. ಅದು ಅವರಿಗೆ ಭಾನುವಾರವೇ ತಿಳಿದಂತಿತ್ತು.

“ನಿಮ್ಮ ಮಗ ಅವತ್ತು ಕಿರುಚಿದ್ದನ್ನ ಇವತ್ತಿಗೂ ಹೊತ್ಕೊಂಡು ತಿರುಗ್ತಾನೆ ಅಂದೆ. ರಾಗಿ ಕೇರ್ತಿದ್ಲು. ಮೊರ ಕೆಳಗಿಟ್ಲು. ಆಯಮ್ಮ ಹೇಳಿದ್ದು ಹಂಗೇ ಹೇಳ್ತೀನಿ ಕೇಳಿ. ‘ಪೋನೀ, ಹೋಗ್ಲಿ ಬುಡಿ ಅಯ್ನೋರೇ. ಆ ಕೂಸು ಅವತ್ತು ಅವ್ವಾ ಅಂದಿದ್ರೆ ನಾನು ಹೊಸಲು ದಾಟ್ತಿರಲಿಲ್ಲ. ದಾಟ್ದೇ ಇದ್ದಿದ್ರೆ ಆ ಮನೇಲಿ ಬದುಕ್ತಾನೂ ಇರಲಿಲ್ಲ. ದೆವ್ವ ಅಂದಿದ್ದಕ್ಕೆ ಹೋಗಾಕಾಯ್ತು. ಅವನಿಗೆ ಹೇಳಿ.’”

ಬುಡನ್ ಸಾಬರು ಟೋಪಿ ತೆಗೆದು ಮುಖ ಒರೆಸಿಕೊಂಡರು. “ಮದ್ವೆಗೆ ಬಾ ತಾಯಿ ಅಂದ್ವಿ ಮೇಷ್ಟ್ರೇ. ಮೊಮ್ಮಕ್ಳಿಗೆ ದಡಾರ ಅಂತೆ, ಬರಾಕಾಗಲ್ಲ ಅಂದ್ಲು. ಆಮೇಲೆ ಇಬ್ರೂ ಬರ್ಲಿ, ಹಗಲೊತ್ತು ಬರ್ಲಿ ಅಂದ್ಲು.”

“ಯಾವ ಮದುವೆಗೆ?” ಎಂದು ಕೇಳಿದವಳು ನಾನು.

“ಇನ್ಯಾವುದು,” ಎಂದರು ಅಪ್ಪ. “ನಾಗಲಿಂಗಯ್ಯನೋರಿಗೆ ಒಂದು ಕಾಗದ ಬರಿ ಮಗಾ. ನಾನು ಹೇಳ್ತೀನಿ.”

ಮೇಷ್ಟ್ರು ಹಿತ್ತಲಿಗೆ ಹೋಗಿ ಬಾವಿಯಲ್ಲಿ ನೀರು ಸೇದಿ ಮುಖ ತೊಳೆದುಕೊಂಡರು. ತುಂಬ ಹೊತ್ತು ತೊಳೆದುಕೊಂಡರು. ನಾನು ಟವೆಲ್ಲು ಹಿಡಿದು ನಿಂತೆ. “ಕಣ್ಣಿಗೆ ಧೂಳು,” ಎಂದರು. “ಬಸ್ಸಿಂದ ಇಳಿದೋರು ಅವರು,” ಅಂದೆ. “ಹೌದಲ್ಲ,” ಎಂದು ಟವೆಲ್ಲು ತೆಗೆದುಕೊಂಡರು.

ಸಂಪಾದಕರಿಗೆ ಕೊನೆಗೆ ಹುಣಸೆಮರದ ಕಥೆಯನ್ನೇ ಕಳಿಸಿದೆವು, ‘ಭಯಂಕರವಾದ’ ಎಂಬುದನ್ನು ಒಂದಕ್ಕೆ ಇಳಿಸಿ. ಕೊನೆಯ ಕಂತಿನಲ್ಲಿ ದೆವ್ವ ಯಾರನ್ನೂ ಕೊಲ್ಲಲಿಲ್ಲ. ಓದುಗರು ಬೈದು ಬರೆದರು.

ವೈಶಾಖದ ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ ಮದುವೆ. ಕರೆದ ಮೂವರು ಅಯ್ಯನವರಲ್ಲಿ ಒಬ್ಬರೂ ಬರಲಿಲ್ಲ. ಹೆಣ್ಣಿನ ತಂದೆಯಾಗಿ ಕೂರಬೇಕಾದ ಅಪ್ಪ ತಾವೇ ಮಂತ್ರ ಹೇಳಲು ಕೂತರು. ಎದುರು ಮನೆಯವರ ಜಗಲಿಯಲ್ಲಿ ಹೆಂಗಸರು ಸೇರಿದ್ದರು. ಬರಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಬುಡನ್ ಸಾಬರ ಬೀವಿ ಒಂದು ತಟ್ಟೆ ಸಕ್ಕರೆ ಹಿಡಿದು ಬೇಲಿಯ ಪಕ್ಕ ನಿಂತಿದ್ದರು.

ಒಳಗೆ ನಾನು ಒಬ್ಬಳೇ ಕುಂಕುಮ ಇಟ್ಟುಕೊಂಡೆ. ಇಡಲು ಮುತ್ತೈದೆ ಬೇಕಂತೆ, ಇರಲಿಲ್ಲ. ಹನ್ನೆರಡು ವರ್ಷದಿಂದ ಬೆರಳಿಗೆ ಅಭ್ಯಾಸ ತಪ್ಪಿ ಬೊಟ್ಟು ಸ್ವಲ್ಪ ಓರೆಯಾಯಿತು. ಕನ್ನಡಿಯಲ್ಲಿದ್ದವಳ ಗುರುತು ನನಗೂ ಸಿಗಲಿಲ್ಲ. ಸೆರಗನ್ನು ಹೆಗಲ ಮೇಲೇ ಬಿಟ್ಟು, ದೇವರಿಗೆ ಕೈಮುಗಿದು, ಪಡಸಾಲೆ ದಾಟಿ ಮುಂಬಾಗಿಲಿಗೆ ಬಂದೆ.

ಹೊರಗೆ ಬೆಟ್ಟದ ಮೇಲೆ ಬಿದ್ದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಎದುರು ಜಗಲಿಯ ಹೆಂಗಸರು ಒಬ್ಬೊಬ್ಬರಾಗಿ ಗೋಡೆಯ ಕಡೆ ತಿರುಗಿದರು. ಬಳೆಗಳ ಸದ್ದು ಕೇಳಿಸಿತು. ಚಪ್ಪರದ ಕೆಳಗೆ ಅಪ್ಪನ ಮಂತ್ರ ನಡೆಯುತ್ತಿತ್ತು, ಒಂದು ಮಾತ್ರೆಯೂ ತಪ್ಪದೆ.

ಮೇಷ್ಟ್ರು ತಲೆಯೆತ್ತಿದರು.

ಮುಖದ ರಕ್ತವೆಲ್ಲ ಇಳಿದುಹೋಯಿತು. ನೆಲಕ್ಕೆ ಊರಿದ ಕೈ ಎದ್ದೇಳುವವರ ಹಾಗೆ ಬಿಗಿಯಾಯಿತು. ನಾನು ಹೊಸ್ತಿಲಲ್ಲೇ ನಿಂತೆ. ಅವರು ಎದ್ದು ಹೋದರೆ ತಡೆಯಬಾರದು ಎಂದು ಆ ಗಳಿಗೆಯಲ್ಲಿ ನಿಶ್ಚಯಿಸಿದೆ. ಸೆರಗನ್ನು ಮಾತ್ರ ಮುಖಕ್ಕೆ ಎಳೆದುಕೊಳ್ಳಲಿಲ್ಲ. ನೋಡಲಿ, ಇದೇ ನಾನು ಎಂದು ನಿಂತೆ. ಅವರು ನೋಡಿದರು. ಅಪ್ಪನ ಕಿಟಕಿ ಇಲ್ಲ, ಎರಡನೆಯ ನೋಟವಿಲ್ಲ. ಒಂದೇ ನೋಟ, ಅದು ಮುಗಿಯಲೇ ಇಲ್ಲ.

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ.

“ಭಯ ಆಯ್ತಾ?” ಮಂತ್ರದ ನಡುವೆ ಮೆಲ್ಲಗೆ ಕೇಳಿದೆ.

“ಆಯ್ತು.”

“ಮತ್ತೆ?”

“ಒಂದು ಗಳಿಗೆ ಯಾರೋ ಅನ್ನಿಸ್ತು. ನೋಡ್ತಾ ಕೂತೆ. ನೋಡ್ತಾ ನೋಡ್ತಾ ನೀವೇ ಆದ್ರಿ.”

ಅಪ್ಪ ಕಾಣದ ಕಣ್ಣನ್ನು ನಮ್ಮ ಕಡೆ ತಿರುಗಿಸಿ, “ಮಾತು ಆಮೇಲೆ. ಕೈ ಕೊಡಮ್ಮ,” ಎಂದರು. ನಾನು ಕೊಟ್ಟೆ. ಮೇಷ್ಟ್ರ ಕೈ ಬಾವಿಯ ನೀರಿನಷ್ಟು ತಣ್ಣಗಿತ್ತು, ಇನ್ನೂ ನಡುಗುತ್ತಿತ್ತು. ಅದು ನಿಲ್ಲುವವರೆಗೂ ಹಿಡಿದುಕೊಂಡೇ ಇದ್ದೆ.